ತುಟಿ ಮುಂದೆ, ಮಾತು ಹಿಂದೆ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಮಧ್ಯಾಹ್ನ ಊಟವಾದ ಮೇಲೆ ಕಪ್ಪು-ಬಿಳುಪಿನ ಕಾಲದ ಒಂದು ಕನ್ನಡ ಸಿನಿಮಾ ನೋಡದಿದ್ದರೆ ಅವರಿಗೆ ದಿನ ಪೂರ್ತಿಯಾಗುವುದಿಲ್ಲ. ಮಗ ಊರಿಗೆ ಬಂದಾಗ ಜೋಡಿಸಿಕೊಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್, ಪಕ್ಕದಲ್ಲಿ ತಂತಿಯಿಲ್ಲದ ಪುಟ್ಟ ಬ್ಲೂಟೂತ್ ಸ್ಪೀಕರ್. ಕಳೆದ ತಿಂಗಳು ಒಂದು ದಿನ ನನ್ನನ್ನು ದಾರಿಯಲ್ಲೇ ತಡೆದು ನಿಲ್ಲಿಸಿ, "ತುಟಿ ಮುಂದೆ ಹೋಗ್ತದೆ, ಮಾತು ಹಿಂದೆ ಬರ್ತದೆ. ನೋಡಿ ನೋಡಿ ತಲೆನೋವು ಬಂತು" ಎಂದರು.

ಹೋಗಿ ಅವರ ಪಕ್ಕದಲ್ಲಿ ಕೂತೆ. ನಾಯಕಿ ಸಿಟ್ಟಿನಿಂದ ಹಿತ್ತಾಳೆಯ ಲೋಟವನ್ನು ಮೇಜಿನ ಮೇಲೆ ಕುಕ್ಕುವ ದೃಶ್ಯ ಬಂತು. ಲೋಟ ಮೇಜಿಗೆ ತಾಗಿತು, ಕೈ ಅದನ್ನು ಬಿಟ್ಟು ಸೆರಗಿನತ್ತ ಹೊರಟಿತು, ಆಗ ಕೇಳಿಸಿತು 'ಠಣ್'. ಅಷ್ಟೇ ವ್ಯತ್ಯಾಸ. ಆದರೆ ಆ ಸಿಟ್ಟು ಎಲ್ಲಿ ಹೋಯಿತು? ನಟಿಯ ಅಭಿನಯವೂ ಚೆನ್ನ, ಧ್ವನಿಯೂ ಚೆನ್ನ, ಎರಡೂ ಕೂಡದೆ ಇಡೀ ದೃಶ್ಯ ಸತ್ತುಹೋಗಿತ್ತು.

ನನ್ನನ್ನು ಕರೆಯುವ ಮುಂಚೆಯೇ ಅವರು ಯಂತ್ರವನ್ನು ಆಟೋದಲ್ಲಿ ಇಟ್ಟುಕೊಂಡು ಒಂದು ಅಂಗಡಿಗೆ ಹೋಗಿಬಂದಿದ್ದರು. ಅಲ್ಲಿ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಟ್ಟರಂತೆ. ತಡ ಹೋಗಲಿಲ್ಲ. ಎರಡನೇ ಸಲ ಹೋದಾಗ, ಮದರ್‌ಬೋರ್ಡಿನ ಸೌಂಡ್ ಚಿಪ್ ಕೆಟ್ಟಿದೆ, ಬೋರ್ಡನ್ನೇ ಬದಲಿಸಬೇಕು ಎಂದರಂತೆ. ಇದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಬ್ಲೂಟೂತ್ ಸ್ಪೀಕರಿಗೆ ಹೋಗುವ ಧ್ವನಿ ಆ ಚಿಪ್ಪನ್ನು ಹಾಯುವುದೇ ಇಲ್ಲ. ಚಿಪ್ಪನ್ನು ಕಿತ್ತಿಟ್ಟರೂ ಆ ಸ್ಪೀಕರ್ ಹಾಡುತ್ತದೆ, ಅಷ್ಟೇ ತಡವಾಗಿ. ಪಿಂಚಣಿಯಲ್ಲಿ ಬದುಕುವವರ ಕೈಯಿಂದ ಬೋರ್ಡಿನ ದುಡ್ಡು ಹೋಗುತ್ತಿತ್ತು, ಲೋಟದ ಸದ್ದು ಎಲ್ಲಿತ್ತೋ ಅಲ್ಲೇ ಇರುತ್ತಿತ್ತು.

ಅವರು ಸಿನಿಮಾ ನೋಡುತ್ತಿದ್ದದ್ದು ವಿಎಲ್‌ಸಿಯಲ್ಲಿ. ಪ್ಯಾರಿಸ್ಸಿನ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಕೆಲಸದಿಂದ ಬೆಳೆದುಬಂದ ಈ ಉಚಿತ ತಂತ್ರಾಂಶದಲ್ಲಿ ಒಂದು ಅನುಕೂಲವಿದೆ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಕೀಲಿಮಣೆಯ ಜೆ ಒಂದು ಸಲ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತದೆ. ಕೆ ಒತ್ತಿದರೆ ಅಷ್ಟೇ ಹಿಂದೆ ಸರಿಯುತ್ತದೆ. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಒಂದು ಚೂರು ಒಂದು ಮಿಲಿಸೆಕೆಂಡ್. ಲೋಟದ ದೃಶ್ಯವನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಜೆ ಒತ್ತುತ್ತಾ ಹೋದೆ. ಒಂದಕ್ಕೆ ಏನೂ ಗೊತ್ತಾಗಲಿಲ್ಲ. ಎರಡಕ್ಕೆ ಸ್ವಲ್ಪ ಹತ್ತಿರ ಬಂತು. ಮೂರಕ್ಕೆ ಇನ್ನೇನು ಸೇರಿತು ಅನ್ನಿಸಿತು. ನಾಲ್ಕಕ್ಕೆ ಲೋಟವೂ ಸದ್ದೂ ಒಂದಾದವು. ಖಾತ್ರಿಗೆಂದು ಐದನೆಯದನ್ನು ಒತ್ತಿದರೆ ಲೋಟ ಮೇಜು ಮುಟ್ಟುವ ಮುಂಚೆಯೇ ಠಣ್. ನಾಲ್ಕು ಐವತ್ತಲ ಇನ್ನೂರು. ಆ ಮನೆಯ ತಡ ಸುಮಾರು 200 ಮಿಲಿಸೆಕೆಂಡ್ ಎಂದಾಯಿತು. ಅಳತೆಗೆ ಬೇರೆ ಯಾವ ಸಲಕರಣೆಯೂ ಬೇಕಾಗಲಿಲ್ಲ.

ಈ ಸಂಖ್ಯೆ ಕೈಗೆ ಸಿಕ್ಕ ಮೇಲೆ ಕಳ್ಳ ಯಾರೆಂದು ಊಹಿಸುವುದು ಸುಲಭ. ಹತ್ತಿಪ್ಪತ್ತು ಮಿಲಿಸೆಕೆಂಡ್ ಆಗಿದ್ದರೆ ಕಂಪ್ಯೂಟರಿನ ಒಳಗಿನ ಕೆಲಸ ಎನ್ನಬಹುದಿತ್ತು. ನೂರೈವತ್ತರಿಂದ ಇನ್ನೂರೈವತ್ತರ ನಡುವೆ, ಅದೂ ಸಿನಿಮಾದ ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿ ಇದ್ದರೆ, ಅನುಮಾನ ಮೊದಲು ಹೋಗಬೇಕಾದದ್ದು ಬ್ಲೂಟೂತ್ ಮೇಲೆ.

ಇನ್ನೂರು ಮಿಲಿಸೆಕೆಂಡ್ ಎಂದರೆ ಎಷ್ಟು ದೂರ? ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ಈಚೆ ದಡದಿಂದ ನೋಡಿದವರಿಗೆ ಇದು ಗೊತ್ತಿರುತ್ತದೆ. ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲೆದ್ದಾಗ 'ಧಪ್' ಕೇಳಿಸುತ್ತದೆ. ಬೆಳಕು ಕ್ಷಣದಲ್ಲಿ ಬಂದುಬಿಡುತ್ತದೆ, ಸದ್ದು ಸೆಕೆಂಡಿಗೆ ಸುಮಾರು 343 ಮೀಟರಿನಂತೆ ನಡೆದು ಬರುತ್ತದೆ. ಹೊಳೆ ನೂರು ಮೀಟರ್ ಅಗಲವಿದ್ದರೆ ಸದ್ದು 290 ಮಿಲಿಸೆಕೆಂಡ್ ತಡ. ಮೇಷ್ಟ್ರಮ್ಮನ ಲೋಟದ ಸದ್ದು, ಹೆಚ್ಚುಕಡಿಮೆ ಎಪ್ಪತ್ತು ಮೀಟರ್ ಆಚೆಯಿಂದ ಬಂದಂತೆ ಕೇಳುತ್ತಿತ್ತು. ಆದರೆ ಪರದೆ ಇದ್ದದ್ದು ಮೂರಡಿ ದೂರದಲ್ಲಿ. ತಲೆನೋವು ಬರುವುದು ಸಹಜವೇ.

ಪ್ರಕೃತಿಯಲ್ಲಿ ಸದ್ದು ಯಾವತ್ತೂ ನೋಟಕ್ಕಿಂತ ಹಿಂದೆಯೇ. ಮಿಂಚು ಮೊದಲು, ಗುಡುಗು ಆಮೇಲೆ. ಹಾಗಾಗಿ ನಮ್ಮ ಮಿದುಳು ತಡವಾಗಿ ಬರುವ ಸದ್ದನ್ನು ಒಂದು ಮಿತಿಯವರೆಗೆ ಸಹಿಸುತ್ತದೆ, ಮುಂಚೆ ಬರುವ ಸದ್ದನ್ನು ಮಾತ್ರ ಬೇಗ ಹಿಡಿದುಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರಕರಿಗಾಗಿ ಕೊಟ್ಟ ಶಿಫಾರಸಿನಲ್ಲೂ ಈ ಓರೆ ಇದೆ: ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದರೆ ನೋಡುಗರಿಗೆ ಗೊತ್ತಾಗಲು ಶುರುವಾಗುತ್ತದೆ, ಹಿಂದೆ ಬಿದ್ದರೆ 125 ಮಿಲಿಸೆಕೆಂಡಿನವರೆಗೂ ಗೊತ್ತಾಗದೆ ಇರಬಹುದು. ನೂರಕ್ಕೆ ಸುಮ್ಮನಿದ್ದವರು ಇನ್ನೂರಕ್ಕೆ ಎದ್ದು ಕೂರುವುದು ಇದಕ್ಕೇ.

ಕಂಪ್ಯೂಟರಿನೊಳಗೆ ಧ್ವನಿ ಎಲ್ಲೆಲ್ಲಿ ಕಾಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಧ್ವನಿಯನ್ನು ಅದು ಸೆಕೆಂಡಿಗೆ 48,000 ಚೂರುಗಳಾಗಿ ಇಟ್ಟುಕೊಂಡಿರುತ್ತದೆ. ಸಿ.ಡಿ.ಯ ಕಾಲದ ಲೆಕ್ಕದಲ್ಲಿ 44,100. ಈ ಚೂರುಗಳು ಸ್ಪೀಕರಿಗೆ ಒಂದು ಕ್ಷಣವೂ ತಪ್ಪದೆ ಹರಿಯಬೇಕು, ತಪ್ಪಿದರೆ ಚಟಪಟ ಸದ್ದು. ಆದರೆ ಪ್ರೊಸೆಸರಿಗೆ ನೂರಾರು ಬೇರೆ ಕೆಲಸಗಳಿವೆ, ಅದು ನಡುನಡುವೆ ಬಂದು ಒಂದಷ್ಟು ಚೂರುಗಳನ್ನು ಸುರಿದು ಹೋಗುತ್ತದೆ. ಕಾರ್ಪೊರೇಷನ್ ನೀರು ಎರಡು ದಿನಕ್ಕೊಮ್ಮೆ ಬಂದರೂ ಮನೆಯ ನಲ್ಲಿಯಲ್ಲಿ ಸದಾ ನೀರು ಬರುವುದು ಮಾಳಿಗೆಯ ಮೇಲಿನ ಟ್ಯಾಂಕಿನಿಂದ ತಾನೇ? ಇಲ್ಲಿನ ಟ್ಯಾಂಕಿಗೆ ಬಫರ್ ಎಂದು ಹೆಸರು. ಟ್ಯಾಂಕ್ ದೊಡ್ಡದಾದಷ್ಟು ನೀರು ನಿಲ್ಲುವ ಭಯ ಕಡಿಮೆ, ಆದರೆ ಈಗ ಸುರಿದ ನೀರು ನಲ್ಲಿಗೆ ಬರಲು ಹೆಚ್ಚು ಹೊತ್ತು. 480 ಚೂರಿನ ಬಫರಾದರೆ 10 ಮಿಲಿಸೆಕೆಂಡ್, 4,096 ಚೂರಿನದಾದರೆ 85.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿ ಇದೆ. ಬಫರ್ ದೊಡ್ಡದಿದ್ದ ಮಾತ್ರಕ್ಕೆ ತುಟಿ ಮತ್ತು ಮಾತು ಬೇರೆಯಾಗುವುದಿಲ್ಲ. ಸಿನಿಮಾ ಓಡಿಸುವ ತಂತ್ರಾಂಶ ಧ್ವನಿವ್ಯವಸ್ಥೆಯನ್ನು ಕೇಳುತ್ತಲೇ ಇರುತ್ತದೆ, ನಿನ್ನ ಬಳಿ ಎಷ್ಟು ನಿಂತಿದೆ, ನಾನು ಕೊಟ್ಟದ್ದು ಯಾವಾಗ ಹೊರಗೆ ಕೇಳುತ್ತದೆ ಎಂದು. ಎಂಬತ್ತು ಮಿಲಿಸೆಕೆಂಡ್ ಎಂಬ ಉತ್ತರ ಬಂದರೆ ಚಿತ್ರವನ್ನೂ ಅಷ್ಟು ಹೊತ್ತು ಹಿಡಿದಿಟ್ಟು ಬಿಡುತ್ತದೆ. ನಮಗೆ ಎರಡೂ ಒಟ್ಟಿಗೆ ಬರುತ್ತವೆ. ದಾರಿಯಲ್ಲಿ ಯಾವುದಾದರೂ ಸಾಧನ ತಾನು ಮಾಡುವ ತಡವನ್ನು ಹೇಳದೆ ಇದ್ದರೆ, ಅಥವಾ ತಪ್ಪು ಹೇಳಿದರೆ, ಆಗ ಶುರು ತೊಂದರೆ. ನಾನು ಈವರೆಗೆ ನೋಡಿದ ತುಟಿ-ಮಾತಿನ ಜಗಳಗಳಲ್ಲಿ ಹೆಚ್ಚಿನವು ಇಂಥ ಬಾಯಿಬಿಡದ ತಡದಿಂದ ಆದವೇ. ಹಾಗಾಗಿ ಯಂತ್ರ ನಿಧಾನವಾಗಿದೆ, ರ‍್ಯಾಮ್ ಹೆಚ್ಚಿಸಿ, ಫಾರ್ಮ್ಯಾಟ್ ಮಾಡಿ ಎಂಬ ಸಲಹೆ ಇಲ್ಲಿ ಸಾಮಾನ್ಯವಾಗಿ ವ್ಯರ್ಥ.

ರೀಲಿನ ಕಾಲದ ಥಿಯೇಟರುಗಳು ಈ ಲೆಕ್ಕವನ್ನು ಎಂದೋ ಮಾಡಿಕೊಂಡಿದ್ದವು. 35 ಮಿ.ಮೀ. ಪ್ರೊಜೆಕ್ಟರಿನಲ್ಲಿ ಚಿತ್ರ ಬೀಳುವ ಕಿಂಡಿ ಒಂದು ಕಡೆ, ಧ್ವನಿಯ ಗೆರೆಯನ್ನು ಓದುವ ದೀಪ ಅದರ ಕೆಳಗೆ ಇನ್ನೊಂದು ಕಡೆ. ಚಿತ್ರ ಕಿಂಡಿಯಲ್ಲಿ ಬಿಟ್ಟು ಬಿಟ್ಟು ನಿಲ್ಲಬೇಕು, ಧ್ವನಿ ನಿಲ್ಲದೆ ಓಡಬೇಕು, ಎರಡನ್ನೂ ಒಂದೇ ಜಾಗದಲ್ಲಿ ಇಡಲು ಬರುವುದಿಲ್ಲ. ಹಾಗಾಗಿ ಪ್ರಿಂಟ್ ಹಾಕುವಾಗಲೇ ಪ್ರತಿ ಚಿತ್ರದ ಧ್ವನಿಯನ್ನು ಸುಮಾರು 20 ಚೌಕಟ್ಟು ಮುಂದೆ ಅಚ್ಚು ಹಾಕುತ್ತಿದ್ದರು. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಅದು ಮುಕ್ಕಾಲು ಸೆಕೆಂಡಿಗೂ ಹೆಚ್ಚು. 1934ರಲ್ಲಿ 'ಸತಿ ಸುಲೋಚನ' ಬಂದು ಕನ್ನಡ ಪರದೆ ಮಾತಾಡಲು ಶುರುವಾದ ಮೇಲೆ ನಮ್ಮ ಟೂರಿಂಗ್ ಟಾಕೀಸಿನ ಆಪರೇಟರುಗಳೂ ಈ ವಿದ್ಯೆ ಕಲಿಯಬೇಕಾಯಿತು. ಕಿಂಡಿಗೂ ದೀಪಕ್ಕೂ ನಡುವೆ ಫಿಲ್ಮನ್ನು ಎಷ್ಟು ಸಡಿಲ ಬಿಟ್ಟು ಸುತ್ತಿ ತರಬೇಕು ಎಂಬುದಕ್ಕೆ ಖಚಿತ ಅಳತೆ ಇತ್ತು. ಆ ಸುತ್ತು ಹೆಚ್ಚುಕಡಿಮೆಯಾದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಗೊತ್ತಿರುವ ತಡ ಮುಕ್ಕಾಲು ಸೆಕೆಂಡಾದರೂ ಯಾರಿಗೂ ಕಾಣದಂತೆ ಮುಚ್ಚಬಹುದು, ಗೊತ್ತಿಲ್ಲದ್ದು ಕಾಲು ಸೆಕೆಂಡೂ ಬೇಡ.

ಬ್ಲೂಟೂತಿನಲ್ಲಿ ಆಗುವುದು ಇದೇ. ಕಂಪ್ಯೂಟರ್ ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಪೊಟ್ಟಣ ಕಟ್ಟಿ ಗಾಳಿಯಲ್ಲಿ ಕಳಿಸುತ್ತದೆ. ದಾರಿಯಲ್ಲಿ ಪೊಟ್ಟಣ ಕಳೆದುಹೋದರೆ ಮತ್ತೆ ಕಳಿಸಬೇಕಲ್ಲ, ಅದಕ್ಕಾಗಿ ಸ್ಪೀಕರ್ ತನ್ನ ಬಳಿ ಒಂದಷ್ಟು ದಾಸ್ತಾನು ಇಟ್ಟುಕೊಂಡೇ ಹಾಡಲು ತೊಡಗುತ್ತದೆ. ಹೀಗೆ ಹಿಂಡಿ ಬಿಚ್ಚುವ ವಿಧಾನಕ್ಕೆ ಕೊಡೆಕ್ ಎನ್ನುತ್ತಾರೆ. ಎಲ್ಲ ಸ್ಪೀಕರಿನಲ್ಲೂ ಇರಲೇಬೇಕಾದದ್ದು ಎಸ್‌ಬಿಸಿ. ನನ್ನ ತಡ ಇಷ್ಟು ಎಂದು ಕಂಪ್ಯೂಟರಿಗೆ ಹೇಳುವ ಏರ್ಪಾಡು ಬ್ಲೂಟೂತ್ ನಿಯಮದಲ್ಲೇ ಇದೆ, ಆದರೆ ಅದನ್ನು ಪಾಲಿಸುವ ಸ್ಪೀಕರುಗಳೂ ಇವೆ, ಪಾಲಿಸದವೂ ಇವೆ. ಕೊಳ್ಳುವಾಗ ಡಬ್ಬಿಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ. ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಎಷ್ಟು ಗಂಟೆ ಬ್ಯಾಟರಿ ಬರುತ್ತದೆ ಎಂದು ದೊಡ್ಡಕ್ಷರದಲ್ಲಿ ಹಾಕುವವರು ಎಷ್ಟು ಮಿಲಿಸೆಕೆಂಡ್ ತಡ ಎಂದೂ ಹಾಕಲಿ.

ಪರಿಹಾರಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ತಂತಿ. ಡೆಸ್ಕ್‌ಟಾಪಿನ ಹಿಂದೆ ಎಳೆಹಸಿರು ಬಣ್ಣದ ತೂತಿದೆಯಲ್ಲ, ಅದಕ್ಕೆ ಸಿಕ್ಕಿಸಿದ ಸಾಮಾನ್ಯ ಸ್ಪೀಕರಿನಲ್ಲಿ ತಡ ಕಿವಿಗೆ ಸಿಗುವಷ್ಟು ಇರುವುದಿಲ್ಲ. ತಂತಿ ಬೇಡವೆನ್ನುವವರು ಬ್ಲೂಟೂತಿನ ಬದಲು ತನ್ನದೇ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆ ಬರುವ, ಆಟಗಾರರಿಗೆಂದು ಮಾಡಿದ ಹೆಡ್‌ಫೋನ್ ನೋಡಬಹುದು. ಕಡಿಮೆ ತಡದ ಕೊಡೆಕ್‌ಗಳೂ ಇವೆ, ಆದರೆ ಅವು ಕಂಪ್ಯೂಟರು ಮತ್ತು ಹೆಡ್‌ಫೋನು ಎರಡರಲ್ಲೂ ಇದ್ದರೆ ಮಾತ್ರ ಪ್ರಯೋಜನ. ಬ್ಲೂಟೂತ್ ಡಾಂಗಲ್ಲನ್ನು ಯುಎಸ್‌ಬಿ 3 ಪೋರ್ಟಿನ ಪಕ್ಕ ಚುಚ್ಚಿದ್ದರೆ ತೆಗೆದು ದೂರ ಹಾಕಿ. ಆ ಪೋರ್ಟಿನಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡ ಬರುತ್ತದೆ, ಬ್ಲೂಟೂತ್ ಮಾತಾಡುವುದು ಅಲ್ಲಿಯೇ. ಒಂದಡಿ ಉದ್ದದ ಎಕ್ಸ್‌ಟೆನ್ಷನ್ ತಂತಿ ಹಾಕಿದರೂ ತುಂಡುತುಂಡಾಗಿ ಬರುತ್ತಿದ್ದ ಹಾಡು ಸರಿಹೋದದ್ದನ್ನು ನೋಡಿದ್ದೇನೆ.

ಕಂಪ್ಯೂಟರನ್ನು ಮಾನಿಟರಿನ ಬದಲು ಹಾಲಿನ ದೊಡ್ಡ ಟೀವಿಗೆ ಹಚ್ಚಿದವರ ಪಾಡು ಬೇರೆ. ಟೀವಿ ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ, ತಿದ್ದಿ ತೀಡಿ ನುಣುಪು ಮಾಡುತ್ತದೆ. ಅಷ್ಟರಲ್ಲಿ ಕಂಪ್ಯೂಟರಿನ ಹಿಂಬದಿಯಿಂದ ಸ್ಪೀಕರಿಗೆ ಹೋದ ಧ್ವನಿ ಆಗಲೇ ಕೇಳಿಸಿಬಿಟ್ಟಿರುತ್ತದೆ. ಇಲ್ಲಿ ಮಾತು ಮುಂದೆ, ತುಟಿ ಹಿಂದೆ. ಮೇಲೆ ಹೇಳಿದಂತೆ ಇದು ಇನ್ನೂ ಬೇಗ ಕಣ್ಣಿಗೆ ಹೊಡೆಯುತ್ತದೆ. ಟೀವಿಯ ಮೆನುವಿನಲ್ಲಿ ಗೇಮ್ ಮೋಡ್ ಹಾಕಿದರೆ ಈ ತಿದ್ದುವ ಕೆಲಸ ಬಹುಪಾಲು ನಿಲ್ಲುತ್ತದೆ. ಇಲ್ಲವೇ ಧ್ವನಿಯನ್ನೂ ಎಚ್‌ಡಿಎಂಐ ತಂತಿಯಲ್ಲೇ ಕಳಿಸಿ, ಟೀವಿಗೆ ತನ್ನ ತಡ ತನಗೆ ಗೊತ್ತಿರುತ್ತದೆ.

ಇಷ್ಟೆಲ್ಲ ಒಂದೇ ಸಮನಾದ ತಡದ ಮಾತು. ಇನ್ನೊಂದು ಬಗೆ ಇದೆ, ಅದು ಆರಂಭದಲ್ಲಿ ಮಾತ್ರ. ಹಾಡು ಒತ್ತಿದ ಮೇಲೆ ಅರ್ಧ ಸೆಕೆಂಡು ನಿಶ್ಶಬ್ದ, ಆಮೇಲೆ ನಡುವಿಂದ ಶುರು. ನಂತರ ಎಲ್ಲ ಸರಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಒತ್ತಿದರೆ ಮತ್ತೆ ಅದೇ. ವಿದ್ಯುತ್ ಉಳಿಸಲು ಧ್ವನಿಯ ಸಾಧನ ನಿದ್ದೆಗೆ ಹೋಗಿರುತ್ತದೆ, ಎಬ್ಬಿಸಿ ಕೂರಿಸುವಷ್ಟರಲ್ಲಿ ಮೊದಲ ಚೂರುಗಳು ಹೋಗಿಬಿಟ್ಟಿರುತ್ತವೆ. ಸಿನಿಮಾ ನೋಡುವವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಯಾರಿಗೆ ದೊಡ್ಡದು ಎಂಬುದನ್ನು ನಾನು ನನ್ನ ಗೆಳೆಯರೊಬ್ಬರಿಂದ ಕಲಿತೆ.

ಅವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಅವರ ಕೆಲಸವೆಲ್ಲ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದ ನೆರವಿನಿಂದ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತ. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಒಂದು ಕೀಲಿ ಒತ್ತಿದರೆ ಒಂದು ಪದ ಕೇಳಬೇಕು, ಇನ್ನೊಂದು ಒತ್ತಿದರೆ ಇನ್ನೊಂದು. ಅವರ ಹೊಸ ಹೆಡ್‌ಫೋನು ಪ್ರತಿ ಸಲ ಎರಡು ಕ್ಷಣ ಮೌನವಾದೊಡನೆ ತೂಕಡಿಸುತ್ತಿತ್ತು, ಮುಂದಿನ ಪದದ ಮೊದಲಕ್ಷರವನ್ನು ನುಂಗುತ್ತಿತ್ತು. ಒಂದು ತೀರ್ಪಿನ ಕಡತ ಓದಿಸುತ್ತಿದ್ದಾಗ ನಾನೂ ಕಿವಿಗೊಟ್ಟೆ. ಪರದೆಯ ಮೇಲೆ 'ಅನ್ಯಾಯ' ಎಂದಿತ್ತು. ಕೇಳಿಸಿದ್ದು 'ನ್ಯಾಯ'. ಮುಂದೆ 'ಅಸಾಧ್ಯ' ಬಂತು, 'ಸಾಧ್ಯ' ಎಂದು ಕೇಳಿಸಿತು. ಕನ್ನಡದಲ್ಲಿ ಆ ಒಂದು 'ಅ' ಬಿದ್ದುಹೋದರೆ ಅರ್ಥವೇ ತಲೆಕೆಳಗು. ನಮಗೆ ಅರ್ಧ ಸೆಕೆಂಡಿನ ಕಿರಿಕಿರಿ ಅನ್ನಿಸುವುದು ಅವರಿಗೆ ತಪ್ಪು ಓದು.

ಅದಕ್ಕೆ ಎನ್‌ವಿಡಿಎಯ ಸೆಟ್ಟಿಂಗ್‌ಗಳಲ್ಲೇ ಮದ್ದಿದೆ. ಮಾತು ಮುಗಿದ ಮೇಲೂ ಧ್ವನಿಯ ಸಾಧನವನ್ನು ಎಷ್ಟು ಸೆಕೆಂಡ್ ಎಚ್ಚರವಾಗಿ ಇಡಬೇಕು ಎಂದು ಅಲ್ಲಿ ಹೇಳಬಹುದು. ಆ ಅವಧಿ ಹೆಚ್ಚಿಸಿದ ಮೇಲೆ ಗೆಳೆಯರ 'ಅ' ವಾಪಸ್ಸು ಬಂತು. ಲಿನಕ್ಸ್ ಬಳಸುವವರಿಗೆ ಇದೇ ತೊಂದರೆ ಎರಡು ಕಡೆಯಿಂದ ಬರಬಹುದು. ಇಂಟೆಲ್ ಧ್ವನಿ ಡ್ರೈವರಿನ ಪವರ್ ಸೇವ್ ಆಯ್ಕೆ ಒಂದು, ಅದನ್ನು ಸೊನ್ನೆ ಮಾಡಿದರೆ ನಿದ್ದೆ ನಿಲ್ಲುತ್ತದೆ. ಪೈಪ್‌ವೈರ್ ವ್ಯವಸ್ಥೆ ಐದು ಸೆಕೆಂಡ್ ಸುಮ್ಮನಿದ್ದ ಸಾಧನವನ್ನು ಮಲಗಿಸುವುದು ಇನ್ನೊಂದು. ವಿಂಡೋಸಿನಲ್ಲಿ ತಯಾರಕರ ಡ್ರೈವರ್ ಬದಲು ವಿಂಡೋಸಿನದೇ ಸಾಮಾನ್ಯ ಹೈ ಡೆಫಿನಿಷನ್ ಆಡಿಯೊ ಡ್ರೈವರನ್ನು ಹಾಕಿ ನೋಡುವುದು ಅನೇಕರಿಗೆ ಫಲ ಕೊಟ್ಟಿದೆ.

ಮೂರನೆಯದು ಬೆಳೆಯುತ್ತಾ ಹೋಗುವ ತಡ. ಇದಕ್ಕೆ ಸ್ಪೀಕರನ್ನೂ ಡ್ರೈವರನ್ನೂ ಬೈದು ಉಪಯೋಗವಿಲ್ಲ, ತಪ್ಪು ಕಡತದಲ್ಲೇ ಇರುತ್ತದೆ. ಕರಾವಳಿಯ ಕಡೆ ಯಕ್ಷಗಾನ ದಾಖಲಿಸುವ ಹುಡುಗರಿಗೆ ಇದರ ಅನುಭವ ಚೆನ್ನಾಗಿದೆ. ಕ್ಯಾಮೆರಾ ಸಭೆಯ ಹಿಂದೆ, ಧ್ವನಿಗೆ ಬೇರೆ ರೆಕಾರ್ಡರು ಭಾಗವತರ ಹತ್ತಿರ. ಮನೆಗೆ ಬಂದು ಎರಡನ್ನೂ ಕೂಡಿಸುತ್ತಾರೆ. ಮೊದಲ ಪದ್ಯದಲ್ಲಿ ಚೆಂಡೆಯ ಕೋಲು ಮತ್ತು ಪೆಟ್ಟು ಕೂದಲೆಳೆಯಷ್ಟೂ ಬೇರೆಯಿಲ್ಲ. ಮೂರು ಗಂಟೆಯ ಕಾಲಮಿತಿ ಪ್ರಸಂಗದ ಕೊನೆಗೆ ಬಂದರೆ ಕೋಲು ಮೇಲೆದ್ದಾಗ ಪೆಟ್ಟು ಕೇಳುತ್ತದೆ. ಎರಡು ಯಂತ್ರಗಳಿಗೂ ಒಳಗೆ ಒಂದೊಂದು ಸ್ಫಟಿಕದ ಗಡಿಯಾರವಿದೆ, ಅವೆರಡೂ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಾದರೂ ಗಂಟೆಗೆ 180 ಮಿಲಿಸೆಕೆಂಡ್ ದೂರ ಸರಿಯುತ್ತವೆ. ಮೂರು ಗಂಟೆಗೆ ಅರ್ಧ ಸೆಕೆಂಡಿಗೂ ಹೆಚ್ಚು. ಜೆ ಒತ್ತಿ ಶುರುವಿನಲ್ಲಿ ಸರಿಮಾಡಿದರೆ ಕೊನೆಯಲ್ಲಿ ತಪ್ಪುತ್ತದೆ, ಕೊನೆಯಲ್ಲಿ ಸರಿಮಾಡಿದರೆ ಶುರು ಕೆಡುತ್ತದೆ. ಮೊದಲ ಚೆಂಡೆ ಪೆಟ್ಟು ಮತ್ತು ಕೊನೆಯ ಚೆಂಡೆ ಪೆಟ್ಟು ಎರಡನ್ನೂ ಗುರುತು ಮಾಡಿ, ಧ್ವನಿಯನ್ನು ಅಷ್ಟೇ ಅಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ ಕೂರಿಸಬೇಕು. ಫೋನಿನಲ್ಲಿ ತೆಗೆದ ವಿಡಿಯೊ ಸೆಕೆಂಡಿಗೆ ಇಷ್ಟೇ ಚೌಕಟ್ಟು ಎಂಬ ನಿಯಮ ಇಟ್ಟುಕೊಳ್ಳದೆ ಬೆಳಕಿಗೆ ತಕ್ಕಂತೆ ಏರಿಳಿಯಬಹುದು. ಎಡಿಟಿಂಗಿಗೆ ಮೊದಲು ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಅದನ್ನು ಸ್ಥಿರ ದರಕ್ಕೆ ಬದಲಿಸಿಕೊಂಡರೆ ಮುಂದಿನ ತಲೆಬಿಸಿ ತಪ್ಪುತ್ತದೆ.

ಧ್ವನಿ ತಡವಾಗುವುದರ ಜೊತೆಗೆ ಚಟಪಟ ಸದ್ದೂ ಬರುತ್ತಿದ್ದರೆ ಮಾತ್ರ ಕಂಪ್ಯೂಟರಿನ ಹೊಟ್ಟೆಯೊಳಗೆ ಇಣುಕಬೇಕು. ಯಾವುದೋ ಡ್ರೈವರು, ಬಹಳ ಸಲ ವೈ-ಫೈ ಅಥವಾ ಗ್ರಾಫಿಕ್ಸಿನದು, ಪ್ರೊಸೆಸರನ್ನು ಹೊತ್ತುಮೀರಿ ಹಿಡಿದಿಟ್ಟುಕೊಂಡಿರುತ್ತದೆ. ವಿಂಡೋಸಿನಲ್ಲಿ ಲೇಟೆನ್ಸಿಮಾನ್ ಎಂಬ ಸಾಧನ ಆ ಡ್ರೈವರಿನ ಹೆಸರು ಹೇಳುತ್ತದೆ. ಒಂದು ಬ್ರೌಸರಿನಲ್ಲಿ ಮಾತ್ರ ತಡವಿದ್ದು ಉಳಿದೆಡೆ ಸರಿ ಇದ್ದರೆ ಆ ಬ್ರೌಸರಿನ ಹಾರ್ಡ್‌ವೇರ್ ಆಕ್ಸಲರೇಷನ್ ಆಯ್ಕೆಯನ್ನು ಬದಲಿಸಿ ನೋಡಿ. ಸೌಂಡ್ ಸೆಟ್ಟಿಂಗ್ಸಿನಲ್ಲಿ ನಿಮ್ಮ ಸ್ಪೀಕರನ್ನು ತೆರೆದು ಆಡಿಯೊ ಎನ್‌ಹಾನ್ಸ್‌ಮೆಂಟ್ಸ್, ಸ್ಪೇಷಿಯಲ್ ಸೌಂಡ್ ಎರಡನ್ನೂ ಆಫ್ ಮಾಡುವುದು ಯಾವ ಅಪಾಯವೂ ಇಲ್ಲದ ಕೆಲಸ. ಧ್ವನಿಗೆ ಮೆರುಗು ಹಚ್ಚುವ ಈ ಪದರಗಳೂ ತಮ್ಮ ಪಾಲಿನ ಹೊತ್ತು ತಿನ್ನುತ್ತವೆ.

ಹಾಡುವವರಿಗೆ ಈ ಲೆಕ್ಕವೆಲ್ಲ ಇನ್ನೂ ಬಿಗಿ. ಮನೆಯಲ್ಲಿ ಮೈಕ್ ಹಚ್ಚಿ ಹಾಡಿ, ತನ್ನದೇ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುವವರಿಗೆ 200 ಮಿಲಿಸೆಕೆಂಡ್ ತಡವಾದರೆ ನಾಲಿಗೆಯೇ ತೊಡರುತ್ತದೆ. ಸಲೀಸಾಗಿ ಮಾತಾಡುವವರೂ ಹೀಗೆ ತಮ್ಮ ದನಿ ತಡವಾಗಿ ಕೇಳಿದರೆ ತೊದಲುತ್ತಾರೆ ಎಂಬುದನ್ನು 1950ರಲ್ಲಿ ಬರ್ನಾರ್ಡ್ ಲೀ ಎಂಬ ಸಂಶೋಧಕರು ಬರೆದಿದ್ದರು. ಅದಕ್ಕೇ ಧ್ವನಿಮುದ್ರಣ ಮಾಡುವವರು ವಿಂಡೋಸಿನ ಸಾಮಾನ್ಯ ದಾರಿಯನ್ನು ಬಿಟ್ಟು, ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ತಂದ ಆಸಿಯೊ ಎಂಬ ಅಡ್ಡದಾರಿ ಹಿಡಿಯುತ್ತಾರೆ. 128 ಚೂರಿನ ಬಫರಾದರೆ 2.7 ಮಿಲಿಸೆಕೆಂಡ್, ಸ್ಪೀಕರಿನಿಂದ ಒಂದು ಮಾರು ದೂರ ಕೂತಷ್ಟೂ ಅಲ್ಲ.

ಮೈಸೂರಿನಲ್ಲಿ ಕೂತು ಅಮೆರಿಕದ ಪಶ್ಚಿಮ ಕರಾವಳಿಯ ಮಕ್ಕಳಿಗೆ ಸಂಗೀತ ಹೇಳಿಕೊಡುವ ವಿದುಷಿಯೊಬ್ಬರು ಕಂಪ್ಯೂಟರ್ ಬದಲಿಸಬೇಕೇ ಎಂದು ನನ್ನನ್ನು ಕೇಳಿದ್ದರು. ತಾನು ತಾಳ ಹಾಕಿದರೆ ಮಗು ಸದಾ ಹಿಂದೆ ಬೀಳುತ್ತದೆ, ಬೈದರೂ ಸರಿಯಾಗುವುದಿಲ್ಲ ಎಂಬುದು ಅವರ ಚಿಂತೆ. ಆ ಮಗುವಿನ ತಪ್ಪು ಏನೂ ಇರಲಿಲ್ಲ. ನಡುವೆ ಸುಮಾರು 14,000 ಕಿಲೋಮೀಟರ್ ಇದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ನೇರ ಎಳೆ ಹಾಕಿದರೂ ಹೋಗಲು 70, ಬರಲು 70, ಒಟ್ಟು 140 ಮಿಲಿಸೆಕೆಂಡ್. ಸೆಕೆಂಡಿಗೆ ಎರಡು ಅಕ್ಷರದಂತೆ ತಾಳ ಹಾಕಿ ಮೂರನೇ ಕಾಲದಲ್ಲಿ ಸರಳೆ ಹಾಡಿದರೆ ಒಂದು ಸ್ವರಕ್ಕೆ ಸಿಗುವುದು 125. ಮಗು ಸರಿಯಾಗಿ 'ರಿ' ಹಿಡಿದಾಗ ಗುರುವಿಗೆ ಕೇಳುವುದು ಇನ್ನೂ 'ಸ'. ಇದರ ಮೇಲೆ ತಂತ್ರಾಂಶದ ತಡ, ಬ್ಲೂಟೂತ್ ಇದ್ದರೆ ಅದರದು ಬೇರೆ. ತಂತಿಯ ಹೆಡ್‌ಫೋನು ಹಾಕಿದರೆ ಬ್ಲೂಟೂತಿನ ಪಾಲು ಕಳೆಯುತ್ತದೆ, ಭೂಮಿಯ ಪಾಲು ಯಾವ ಕಂಪ್ಯೂಟರಿನಿಂದಲೂ ಕಳೆಯುವುದಿಲ್ಲ. ಅವರು ಯಂತ್ರ ಬದಲಿಸಲಿಲ್ಲ. ಈಗ ಶ್ರುತಿಪೆಟ್ಟಿಗೆ ಎರಡೂ ಮನೆಯಲ್ಲಿ ಬೇರೆ ಬೇರೆ, ಒಟ್ಟಿಗೆ ಹಾಡುವುದಿಲ್ಲ. ಗುರು ಹಾಡಿ ನಿಲ್ಲಿಸುತ್ತಾರೆ, ಶಿಷ್ಯೆ ಅದನ್ನೇ ತಿರುಗಿ ಹಾಡುತ್ತಾಳೆ. ಹಳೆಯ ಪಾಠಕ್ರಮ ಹೇಗಿತ್ತೋ ಹಾಗೆಯೇ.

ಮೇಷ್ಟ್ರಮ್ಮನ ಸ್ಪೀಕರಿಗೆ ಬರುತ್ತೇನೆ. ಜೆ ಒತ್ತಿದ್ದು ಒಂದು ಸಿನಿಮಾಕ್ಕೆ ಮಾತ್ರ, ಮುಂದಿನದನ್ನು ತೆರೆದರೆ ವಿಎಲ್‌ಸಿ ಮರೆತುಬಿಡುತ್ತದೆ. ಕಾಯಂ ಮಾಡುವ ಆಯ್ಕೆ ಅದರ ಒಳಸೆಟ್ಟಿಂಗಿನಲ್ಲಿದೆ, ಮಾಡಿಕೊಡಲೇ ಎಂದೆ. ಬೇಡ ಎಂದರು, ಕೈಯಾರೆ ಒತ್ತುವುದೇ ಇಷ್ಟವಂತೆ. ಯೂಟ್ಯೂಬಿನಲ್ಲಿ ಮಾತ್ರ ಜೆ ಈ ಕೆಲಸ ಮಾಡುವುದಿಲ್ಲ. ಸ್ಪೀಕರಿನ ಬೆನ್ನು ತಿರುಗಿಸಿ ನೋಡಿದರೆ ರಬ್ಬರ್ ಮುಚ್ಚಳದ ಕೆಳಗೆ ತಂತಿ ಹಾಕುವ ತೂತು ಇತ್ತು. ಸಂಜೆ ಒಂದು ತಂತಿ ತಂದು ಎಳೆಹಸಿರು ತೂತಿಗೆ ಜೋಡಿಸಿದೆ. ಅಡುಗೆಮನೆಗೆ ಒಯ್ಯುವಾಗ ಕಿತ್ತು ಒಯ್ಯುತ್ತಾರೆ, ಸಿನಿಮಾಕ್ಕೆ ಕೂತಾಗ ಮನಸ್ಸಾದರೆ ಸಿಕ್ಕಿಸುತ್ತಾರೆ. ಮರುದಿನ ಹೋದಾಗ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿ ಕಂಡಿತು. ಕಪ್ಪುಹಲಗೆಯ ಮೇಲೆ ಬರೆದು ರೂಢಿಯಾದ ದುಂಡನೆಯ ಅಕ್ಷರದಲ್ಲಿ ಎರಡು ಸಾಲು: "ತಂತಿ ಇಲ್ಲ - ಜೆ 4 ಸಲ. ತಂತಿ ಇದೆ - ಮುಟ್ಟಬೇಡ."